ವಿಜಾಪುರದ ಸೂಫಿ ಮನೆತನಗಳ ಹಸ್ತಪ್ರತಿಗಳು

೧

ವಿಜಾಪುರವೆಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಗೋಳಗುಮ್ಮಟ. ಅದರ ಬೆನ್ನಿಗೆ ಇಬ್ರಾಹಿಮ ರೋಜಾ, ಜುಮ್ಮಾ ಮಸೀದಿ, ಮುಲಕ ಮೈದಾನ ತೋಪು ನೆನಪಾಗುತ್ತವೆ. ಆದಿಲಶಾಹಿ ಅರಸರನ್ನು ಕುರಿತು ಕನ್ನಡದಲ್ಲಿ ಬರೆದವರು ಬಹುಮಟ್ಟಿಗೆ ಈ ಕಟ್ಟಡಗಳನ್ನೂ ಯುದ್ಧಗಳ ವೃತ್ತಾಂತವನ್ನೂ ಆಧಾರವಾಗಿಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಊರಿನ ಹಳೆಯ ಓಣಿಗಳಲ್ಲಿ, ದರ್ಗಾಗಳ ಸೇವೆಯನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದ ಮನೆತನಗಳ ಪೆಟ್ಟಿಗೆಗಳಲ್ಲಿ, ಇನ್ನೊಂದು ಬಗೆಯ ಸಾಕ್ಷ್ಯವು ಉಳಿದುಕೊಂಡಿದೆ. ಅದು ಕಾಗದದ ಸಾಕ್ಷ್ಯ. ಕಲ್ಲಿನ ಸಾಕ್ಷ್ಯವನ್ನು ಕಾಯಲು ಪುರಾತತ್ತ್ವ ಇಲಾಖೆಯಿದೆ. ಈ ಕಾಗದಗಳನ್ನು ಕಾಯಲು ಆ ಮನೆಯವರ ಭಕ್ತಿಯೊಂದೇ ಇದೆ.

ಈ ಹಸ್ತಪ್ರತಿಗಳು ಯಾವುವು, ಆ ಮನೆಗಳಲ್ಲಿ ಅವು ಹೇಗೆ ಉಳಿದವು, ಈಗ ಏಕೆ ಅಳಿಯುತ್ತಿವೆ, ಅವುಗಳ ಚಿತ್ರಗಳನ್ನು ತೆಗೆದು ಗಣಕದಲ್ಲಿ ಕಾದಿರಿಸುವ ಕಾರ್ಯವು, ಎಂದರೆ ಡಿಜಿಟಲೀಕರಣವು, ಯಾವ ಕಟ್ಟಳೆಗೆ ಒಳಪಟ್ಟು ನಡೆಯಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಿದೆ. ೨೦೧೪ರಿಂದ ವಿಜಾಪುರದ ಅಧಿಕೃತ ಹೆಸರು ವಿಜಯಪುರವೆಂದೂ ಗುಲಬರ್ಗೆಯದು ಕಲಬುರಗಿಯೆಂದೂ ಆಗಿದೆ. ಇತಿಹಾಸದ ಪ್ರಸ್ತಾಪವಾದುದರಿಂದ ಇಲ್ಲಿ ಹಳೆಯ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ.

೨

ಕನ್ನಡ ನಾಡಿನ ಮಟ್ಟಿಗೆ ಸೂಫಿ ಬರವಣಿಗೆಗೆ ಭದ್ರವಾದ ನೆಲೆ ದೊರೆತುದು ಖ್ವಾಜಾ ಬಂದೇನವಾಜ ಗೇಸೂದರಾಜರಿಂದ (೧೩೨೧-೧೪೨೨). ದಿಲ್ಲಿಯ ಚಿಸ್ತಿ ಗುರುಗಳಾದ ನಾಸಿರುದ್ದೀನ ಚಿರಾಗರ ಶಿಷ್ಯರಾದ ಇವರು ೧೩೯೮ರಲ್ಲಿ, ತೈಮೂರನ ದಂಡು ದಿಲ್ಲಿಯ ಕಡೆಗೆ ಬರುತ್ತಿದ್ದಾಗ, ಆ ನಗರವನ್ನು ಬಿಟ್ಟು ಗುಜರಾತದ ಮಾರ್ಗವಾಗಿ ದಖನಿಗೆ ಬಂದರು. ಆಗ ಅವರ ವಯಸ್ಸು ಎಂಬತ್ತನ್ನು ಸಮೀಪಿಸಿತ್ತು. ಬಹಮನಿ ಸುಲ್ತಾನ ಫಿರೋಜಶಹನ ಕಾಲದಲ್ಲಿ ಗುಲಬರ್ಗೆಯಲ್ಲಿ ನೆಲೆನಿಂತರು. ಅರಬ್ಬಿ ಪರ್ಷಿಯನ್ ಭಾಷೆಗಳಲ್ಲಿ ಅವರು ರಚಿಸಿದ ಗ್ರಂಥಗಳು ಅನೇಕ. ಅವರ ಮಾತುಕತೆಗಳನ್ನು ಮಗನಾದ ಸಯ್ಯದ ಅಕ್ಬರ ಹುಸೇನಿಯವರು ‘ಜವಾಮಿ-ಉಲ್-ಕಲಿಮ್’ ಎಂಬ ಗ್ರಂಥದಲ್ಲಿ ಬರೆದಿಟ್ಟರು. ಗುರುವಿನ ಮಾತನ್ನು ಕೇಳಿದವರು ಕೇಳಿದಂತೆ ದಾಖಲು ಮಾಡುವ ಈ ‘ಮಲ್ಫೂಜಾತ್’ ಎಂಬ ಸಾಹಿತ್ಯಪ್ರಕಾರವು ಸೂಫಿಗಳಲ್ಲಿ ಬಹು ಮಾನ್ಯವಾದುದು. ಅರಸರ ಆಸ್ಥಾನದ ಬಖೈರುಗಳಲ್ಲಿ ಕಾಣದ ಸಾಮಾನ್ಯ ಜನರ ಅಳಲು, ಬೇನೆ, ಬಡತನ, ಸಂಶಯಗಳು ಇಂತಹ ಗ್ರಂಥಗಳಲ್ಲಿ ಕಾಣಸಿಗುತ್ತವೆ.

ವಿಜಾಪುರದಲ್ಲಿ ಈ ಪರಂಪರೆಯು ಇನ್ನೊಂದು ರೂಪವನ್ನು ತಾಳಿತು. ಊರಹೊರಗಿನ ಶಹಾಪುರ ದಿಣ್ಣೆಯಲ್ಲಿ ನೆಲೆಸಿದ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ ಜಾನಮ್, ಮೊಮ್ಮಗ ಅಮೀನುದ್ದೀನ ಆಲಾ (ಮರಣ ೧೬೭೫) ಇವರು ಪಂಡಿತರ ಭಾಷೆಗಳನ್ನು ಬಿಟ್ಟು ದಖನಿಯಲ್ಲಿ ಬರೆದರು. ಜಾನಮ್ ಅವರ ‘ಇರ್ಷಾದನಾಮಾ’ ೧೫೮೨ರದು. ಆಡುನುಡಿಯಲ್ಲಿ ಅಧ್ಯಾತ್ಮವನ್ನು ಹೇಳುವುದರಲ್ಲಿ ಕುಂದಿಲ್ಲವೆಂದು ಅವರು ಸಮರ್ಥಿಸಿಕೊಂಡರು. ಬಸವಾದಿ ಶರಣರು ಹುಟ್ಟಿ ನಡೆದಾಡಿದ ಅದೇ ಸೀಮೆಯಲ್ಲಿ, ನಾಲ್ಕು ಶತಮಾನಗಳ ತರುವಾಯ, ಇನ್ನೊಂದು ಮತದ ಸಾಧಕರು ಅದೇ ವಾದವನ್ನು ಹೂಡಬೇಕಾಗಿ ಬಂದುದು ಗಮನಿಸತಕ್ಕ ಸಂಗತಿ. ಒಬ್ಬರಿಂದ ಒಬ್ಬರು ಪಡೆದರೆಂದು ಹೇಳಲು ಆಧಾರವಿಲ್ಲ. ಜನರನ್ನು ಮುಟ್ಟಬೇಕೆಂಬ ಹಂಬಲವು ಇಬ್ಬರನ್ನೂ ಒಂದೇ ದಾರಿಗೆ ಹಚ್ಚಿತೆಂದು ತಿಳಿದರೆ ಸಾಕು.

ಈ ದಖನಿ ಸಾಹಿತ್ಯದಲ್ಲಿ ‘ಚಕ್ಕೀನಾಮಾ’ ಎಂಬ ಹಾಡುಗಳದೊಂದು ಬಗೆ. ಹೆಂಗಸರು ಬೀಸುವಾಗ ಹಾಡಿಕೊಳ್ಳಲು ತಕ್ಕಂತೆ ಇವು ರಚಿತವಾಗಿವೆ. ಬೀಸುಕಲ್ಲಿನ ಗೂಟವನ್ನು ಅರಬ್ಬಿ ವರ್ಣಮಾಲೆಯ ಮೊದಲ ಅಕ್ಷರವಾದ ‘ಅಲಿಫ್’ಗೆ ಹೋಲಿಸಿ, ಕಲ್ಲಿನ ಸುತ್ತಿಗೆ ದೇವರ ನಾಮಸ್ಮರಣೆಯನ್ನು ಹೊಂದಿಸಿ, ಅಡಿಗೆಮನೆಯ ಮೂಲೆಯನ್ನೇ ಸಾಧನೆಯ ಸ್ಥಾನವಾಗಿ ಮಾಡಿದ ರಚನೆಗಳಿವು. ನೂಲುವ ರಾಟಿಗೂ ಇಂತಹ ಹಾಡುಗಳುಂಟು. ಬೀಸುವ ಪದಗಳನ್ನು ಕೇಳಿ ಬೆಳೆದ ನಮ್ಮಲ್ಲಿ ಯಾರಿಗೂ ಇವು ಪರಕೀಯವೆನಿಸಲಾರವು. ಅಮೇರಿಕದ ಇತಿಹಾಸಕಾರ ರಿಚರ್ಡ್ ಈಟನ್ ಅವರು ೧೯೭೮ರಲ್ಲಿ ಪ್ರಕಟಿಸಿದ ವಿಜಾಪುರದ ಸೂಫಿಗಳ ಮೇಲಣ ಗ್ರಂಥದಲ್ಲಿ ಇವುಗಳ ಮಹತ್ತ್ವವನ್ನು ಎತ್ತಿ ತೋರಿಸಿದರು. ಇಸ್ಲಾಮಿನ ಆಚಾರವಿಚಾರಗಳು ದಖನಿನ ಹಳ್ಳಿಗಳಿಗೆ ಇಳಿದುದು ಬಹುಪಾಲು ಇಂತಹ ಹಾಡುಗಳ ಮೂಲಕ, ಮನೆಯ ಹೆಂಗಸರ ಬಾಯಿಂದ, ಎಂಬುದು ಅವರ ಅಭಿಪ್ರಾಯ. ಈ ತೀರ್ಮಾನಕ್ಕೆ ಅವರಿಗೆ ದಾರಿ ತೋರಿದವು ಹೈದರಾಬಾದಿನ ಗ್ರಂಥಭಂಡಾರಗಳಲ್ಲಿದ್ದ ಕೆಲವೇ ಹಸ್ತಪ್ರತಿಗಳು. ಅವು ಅಲ್ಲಿಗೆ ಸೇರದೆ ಹೋಗಿದ್ದರೆ ಆ ಅಧ್ಯಾಯವನ್ನು ಬರೆಯುವಂತೆಯೇ ಇರಲಿಲ್ಲ.

ಹಸ್ತಪ್ರತಿಯೊಂದು ಇತಿಹಾಸವನ್ನು ಹೇಗೆ ತಿದ್ದಬಲ್ಲುದೆಂಬುದಕ್ಕೆ ಇನ್ನೊಂದು ಉದಾಹರಣೆಯನ್ನು ಕೊಡಬಹುದು. ‘ಮೇರಾಜುಲ್ ಆಶಿಕೀನ್’ ಎಂಬ ದಖನಿ ಗದ್ಯಗ್ರಂಥವನ್ನು ಮೌಲವಿ ಅಬ್ದುಲ್ ಹಕ್ ಅವರು ಬಂದೇನವಾಜರ ಕೃತಿಯೆಂದು ಪ್ರಕಟಿಸಿದರು. ಉರ್ದು ಗದ್ಯದ ಆದಿಗ್ರಂಥವೆಂದು ಅದು ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯಿತು. ೧೯೬೦ರ ದಶಕದ ಕೊನೆಗೆ ಹೈದರಾಬಾದಿನ ವಿದ್ವಾಂಸ ಹಫೀಜ್ ಕತೀಲ್ ಅವರು, ಅದು ಬಂದೇನವಾಜರದಲ್ಲ, ಅಮೀನುದ್ದೀನ ಆಲಾರ ಪರಂಪರೆಗೆ ಸೇರಿದ ವಿಜಾಪುರದ ಮಖ್ದೂಮ ಶಹಾ ಹುಸೇನಿಯವರದು, ಎರಡು ಶತಮಾನಗಳಿಗೂ ಮಿಕ್ಕಿ ಈಚಿನದು ಎಂದು ತೋರಿಸಿಕೊಟ್ಟರು. ಒಂದು ಭಾಷೆಯ ಗದ್ಯದ ಆರಂಭಕಾಲವೇ ಇದರಿಂದ ಮುಂದೆ ಸರಿಯಿತು. ಯಾವುದೋ ಮನೆಯ ಪೆಟ್ಟಿಗೆಯೊಳಗಿನ ಒಂದು ಅಂತ್ಯಪುಟಕ್ಕೆ, ಲಿಪಿಕಾರನ ಹೆಸರು ಹಾಗೂ ಹಿಜರಿ ವರ್ಷಕ್ಕೆ, ಎಷ್ಟು ಬೆಲೆಯಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩

ಇನ್ನು ಈ ಗ್ರಂಥಗಳ ಗತಿಯನ್ನು ನೋಡೋಣ. ವಿಜಾಪುರದಲ್ಲಿ ಪುಸ್ತಕಗಳು ಎರಡು ಕಡೆ ಇದ್ದವು: ಅರಸರ ಭಂಡಾರದಲ್ಲಿ, ಮತ್ತು ಸೂಫಿಗಳ ಖಾನಖಾಗಳಲ್ಲಿ. ಎರಡರ ಹಣೆಬರಹವೂ ಬೇರೆ ಬೇರೆಯಾಯಿತು.

ಅರಸರ ಭಂಡಾರದ ಅವಶೇಷವು ಅಸರ ಮಹಲಿನಲ್ಲಿತ್ತು. ಮಹಮ್ಮದ ಆದಿಲಶಹನು ನ್ಯಾಯಸಭೆಗಾಗಿ ಕಟ್ಟಿಸಿದ ಈ ಮಹಲು ಮುಂದೆ ಪ್ರವಾದಿಯವರ ಪವಿತ್ರ ಕೇಶವನ್ನಿರಿಸಿದ ಸ್ಥಾನವಾಯಿತು. ಆ ಪಾವಿತ್ರ್ಯದ ನೆರಳಿನಲ್ಲಿ ಪುಸ್ತಕಗಳೂ ಬದುಕಿದವು. ೧೬೮೬ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದಾಗ ಬಹಳಷ್ಟು ಗ್ರಂಥಗಳನ್ನು ಗಾಡಿಗಳ ಮೇಲೆ ಹೇರಿಸಿ ಒಯ್ದನೆಂದು ಊರಿನಲ್ಲಿ ಹೇಳಿಕೆಯಿದೆ. ಉಳಿದುದನ್ನು ೧೯ನೆಯ ಶತಮಾನದ ನಡುವೆ ಇಂಗ್ಲಿಷರು ಪರಿಶೀಲಿಸಿ ಪಟ್ಟಿಮಾಡಿಸಿದರು. ೧೮೫೩ರಲ್ಲಿ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಲಂಡನ್ನಿನಲ್ಲಿದ್ದ, ಮುಂದೆ ಇಂಡಿಯಾ ಆಫೀಸಿನದೆನಿಸಿದ ಗ್ರಂಥಾಲಯಕ್ಕೆ ಸಾಗಿದವು. ಅವುಗಳಲ್ಲಿ ಬಹುಪಾಲು ಅರಬ್ಬಿಯವು. ಆಟೋ ಲೋಥ್ ಎಂಬ ಜರ್ಮನ್ ವಿದ್ವಾಂಸನು ೧೮೭೭ರಲ್ಲಿ ಪ್ರಕಟಿಸಿದ ಅರಬ್ಬಿ ಹಸ್ತಪ್ರತಿಗಳ ಸೂಚಿಯಲ್ಲಿ ಇವೂ ಸೇರಿವೆ. ೧೯೮೨ರಲ್ಲಿ ಆ ಗ್ರಂಥಾಲಯವು ಬ್ರಿಟಿಷ್ ಲೈಬ್ರರಿಯೊಡನೆ ಸೇರಿತು. ಗ್ರಂಥಗಳು ಇಂದಿಗೂ ಅಲ್ಲಿ ಸುರಕ್ಷಿತವಾಗಿವೆ. ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ವಿಜಾಪುರದ ವಿದ್ಯಾರ್ಥಿಗೆ ತನ್ನೂರಿನ ಅರಸನ ಪುಸ್ತಕವನ್ನು ಕಣ್ಣಿಂದ ಕಾಣಬೇಕಾದರೆ ಸಮುದ್ರವನ್ನು ದಾಟಬೇಕಾಯಿತು ಎಂಬುದೂ ಅಷ್ಟೇ ನಿಜ.

ಖಾನಖಾಗಳ ಪುಸ್ತಕಗಳು ಇಂತಹ ಪಟ್ಟಿಗೆ ಬರಲಿಲ್ಲ. ಅವು ಗುರುವಿನ ಗಾದಿಗೆ ಬಂದ ಸಜ್ಜಾದನಶೀನರ ಮನೆಗಳಲ್ಲಿಯೇ ಉಳಿದವು. ಅವುಗಳ ಜತೆಯಲ್ಲಿ ಸುಲ್ತಾನರು ಕೊಟ್ಟ ಫರ್ಮಾನುಗಳೂ ಇನಾಮಿನ ಸನದುಗಳೂ ವಂಶಾವಳಿಗಳೂ ಒಂದೇ ಬಸ್ತಾನಿಯಲ್ಲಿ ಕಟ್ಟಲ್ಪಟ್ಟಿದ್ದವು. ೧೮೫೨ರ ಕಾಯಿದೆಯ ಮೇರೆಗೆ ಇನಾಂ ಕಮಿಶನ್ನು ಮುಂಬಯಿ ಇಲಾಖೆಯ ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಗಳಲ್ಲಿ ಇನಾಂದಾರರ ಹಕ್ಕುಪತ್ರಗಳನ್ನು ವಿಚಾರಣೆಗೆ ಎತ್ತಿಕೊಂಡಿತು. ಕಾಗದವನ್ನು ತೋರಿಸಬೇಕು, ಇಲ್ಲವೇ ಭೂಮಿಯನ್ನು ಬಿಡಬೇಕು ಎಂಬ ಪ್ರಸಂಗ ಒದಗಿತು. ಅಂದಿನಿಂದ ಸನದುಗಳಿಗೆ ಕಬ್ಬಿಣದ ಪೆಟ್ಟಿಗೆಯೂ ಗ್ರಂಥಗಳಿಗೆ ಮಾಡಿನ ಮೂಲೆಯೂ ದೊರೆತಿರಬೇಕೆಂದು ನನಗೆ ತೋರುತ್ತದೆ. ಇದು ನನ್ನ ಊಹೆ ಮಾತ್ರ. ಆದರೆ ಇಂದು ಇಂತಹ ಮನೆಗಳಲ್ಲಿ ಸನದು ಗಟ್ಟಿಮುಟ್ಟಾಗಿದ್ದು ಗ್ರಂಥವು ಜರ್ಜರಿತವಾಗಿರುವುದನ್ನು ಕಂಡಾಗ ಹಾಗೆನಿಸದೆ ಇರದು.

೪

ಹಿಂದಿನ ಕಾಲದಲ್ಲಿ ಪುಸ್ತಕವು ಜೀರ್ಣವಾಗುತ್ತಿರಲಿಲ್ಲವೆಂದಲ್ಲ. ಜೀರ್ಣವಾದೊಡನೆ ಶಿಷ್ಯನೊಬ್ಬನು ಅದನ್ನು ಪ್ರತಿ ಮಾಡುತ್ತಿದ್ದನು. ಗುರುವಿನ ಎದುರಿಗೆ ಕುಳಿತು ಓದಿ, ಪ್ರತಿ ಮಾಡಿಕೊಂಡು, ಅದನ್ನು ಮುಂದೆ ಕಲಿಸಲು ‘ಇಜಾಜತ್’ ಎಂದರೆ ಅನುಮತಿಯನ್ನು ಪಡೆಯುವುದು ಸೂಫಿಗಳ ಪದ್ಧತಿ. ಗುರುಪರಂಪರೆಯು ಸಿಲ್ಸಿಲೆ, ಎಂದರೆ ಸರಪಳಿ. ಪುಸ್ತಕಗಳಿಗೂ ಅಂತಹ ಸರಪಳಿಯೊಂದಿತ್ತು. ೧೮೩೭ರಲ್ಲಿ ಕಂಪನಿ ಸರಕಾರವು ಪರ್ಷಿಯನ್ನನ್ನು ಆಡಳಿತದಿಂದ ತೆಗೆಯಿತು. ನಿಜಾಮರ ಸಂಸ್ಥಾನದಲ್ಲಿ ೧೮೮೪ರಲ್ಲಿ ಅದರ ಸ್ಥಾನಕ್ಕೆ ಉರ್ದು ಬಂದಿತು. ಅಚ್ಚಿನ ಪುಸ್ತಕಗಳು ಹಳ್ಳಿಹಳ್ಳಿಗೂ ಬಂದವು. ಪರ್ಷಿಯನ್ನನ್ನು ಓದುವವರು ಕಡಿಮೆಯಾದಂತೆ ಪ್ರತಿ ಮಾಡುವವರೂ ಇಲ್ಲವಾದರು. ಆಗ ಉಳಿದ ಪ್ರತಿಯೇ ಕೊನೆಯ ಪ್ರತಿಯಾಯಿತು. ಇಂದಿನ ಅಪಾಯದ ಮೂಲವಿರುವುದು ಇಲ್ಲಿ.

ಆ ಕೊನೆಯ ಪ್ರತಿಗೆ ವೈರಿಗಳು ಅನೇಕ. ಹಳೆಯ ಕಾಲದವರು ಕಾಗದಕ್ಕೆ ಗಂಜಿಯನ್ನು ಬಳಿದು ನುಣುಪು ಕಲ್ಲಿನಿಂದ ತಿಕ್ಕಿ ಬರೆಯುತ್ತಿದ್ದರು. ಲೇಖನಿಯು ಸರಾಗವಾಗಿ ಓಡಲು ಇದು ಅವಶ್ಯ. ಆದರೆ ಗಂಜಿಯ ರುಚಿಗೆ ಹುಳು ಬರುತ್ತದೆ. ಮಸಿಯು ದೀಪದ ಕಾಡಿಗೆ ಮತ್ತು ಗೋಂದಿನದು. ಅದು ಮಾಸುವುದಿಲ್ಲ, ಆದರೆ ಮಾಡು ಸೋರಿ ನೀರು ತಗುಲಿದರೆ ಅಕ್ಷರವು ಕದಡಿಹೋಗುತ್ತದೆ. ಪುಟದ ಸುತ್ತ ಅಂದಕ್ಕಾಗಿ ಎಳೆದ ಹಸಿರು ಗೆರೆಯು ತಾಮ್ರದ ಕಿಲುಬಿನ ಬಣ್ಣದ್ದಾದರೆ ಕಾಲಕ್ರಮದಲ್ಲಿ ಕಾಗದವನ್ನೇ ಸುಟ್ಟು, ಬರಹದ ಭಾಗವು ಚೌಕಟ್ಟಿನಿಂದ ಕಳಚಿ ಬೀಳುತ್ತದೆ. ಪುಟಸಂಖ್ಯೆ ಹಾಕುವ ರೂಢಿ ಕಡಿಮೆಯಿದ್ದುದರಿಂದ ಹಾಳೆಗಳು ಚದರಿದರೆ ಕ್ರಮ ತಪ್ಪುತ್ತದೆ. ಪುಟದ ಅಡಿಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆದಿಟ್ಟಿರುವುದೊಂದೇ ಆಗ ಆಸರೆ. ಅಂಚು ಸವೆದರೆ ಮೊದಲು ಹೋಗುವುದೂ ಆ ಪದವೇ. ಹುಳುಗಳ ಕಾಟವನ್ನು ಬಲ್ಲ ಲಿಪಿಕಾರರು ಪುಸ್ತಕದ ಆದಿಯಲ್ಲಿ ‘ಯಾ ಕಬೀಕಜ್’ ಎಂದು ಬರೆದು ಪ್ರಾರ್ಥಿಸುತ್ತಿದ್ದರು. ಕಬೀಕಜ್ ಎಂಬುದು ಮೂಲತಃ ಹುಳುಗಳಿಗೆ ವಿಷವಾದ ಒಂದು ಗಿಡದ ಹೆಸರು. ಕ್ರಮೇಣ ಅದನ್ನು ಹುಳುಗಳ ಒಡೆಯನೆಂದು ಭಾವಿಸಿ ಮೊರೆಯಿಡುವ ರೂಢಿಯಾಯಿತು.

ಪ್ರೀತಿಯಿಂದ ಆಗುವ ಕೇಡೂ ಉಂಟು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುವುದು, ಪ್ಲಾಸ್ಟಿಕ್ಕಿನ ಹಾಳೆಗಳ ನಡುವೆ ಬಿಸಿಮಾಡಿ ಮುಚ್ಚಿಸುವುದು, ಬಿಸಿಲಿನಲ್ಲಿ ಹರಡುವುದು, ಇವೆಲ್ಲ ಸದ್ಭಾವನೆಯಿಂದಲೇ ನಡೆಯುತ್ತವೆ. ಅಣ್ಣತಮ್ಮಂದಿರು ಪಾಲಾದಾಗ ಗ್ರಂಥವನ್ನೂ ಹೊಲಿಗೆ ಬಿಚ್ಚಿ ಹಂಚಿಕೊಂಡರೆ ಒಂದು ಕೃತಿಯ ಮೊದಲ ಭಾಗ ಒಂದೂರಿನಲ್ಲಿ, ಕೊನೆಯ ಭಾಗ ಇನ್ನೊಂದೂರಿನಲ್ಲಿ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಮನೆಗೆ ಪರಿಚಿತರೊಡನೆ ಹೋಗುವ ಸಂದರ್ಭ ನನಗೆ ಒದಗಿತ್ತು. ಮನೆಯ ಹಿರಿಯರು ತಗಡಿನ ಟ್ರಂಕನ್ನು ತೆರೆದು, ಬೇವಿನ ಒಣಎಲೆಗಳನ್ನು ಸರಿಸಿ, ಹಸಿರು ಬಟ್ಟೆಯ ಗಂಟೊಂದನ್ನು ಹೊರತೆಗೆದರು. ಎರಡೂ ಕೈಗಳಿಂದ ಅದನ್ನು ಕಣ್ಣಿಗೊತ್ತಿಕೊಂಡರು. ಬಿಚ್ಚಿದಾಗ ಕಂಡದ್ದು ಮೂರು ನಾಲ್ಕು ಪುಸ್ತಕಗಳು. ಒಂದರ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಅವರಿಗೆ ಆ ಲಿಪಿ ತಿಳಿಯದು. ಅವರ ತಂದೆಯವರೂ ಓದುತ್ತಿರಲಿಲ್ಲವಂತೆ. ಚಿತ್ರ ತೆಗೆದುಕೊಳ್ಳಲು ಅನುಮತಿ ಕೇಳಿದೆವು. ಅವರು ಒಪ್ಪಲಿಲ್ಲ. ಹಿಂದೆ ಯಾರೋ ವಿದ್ವಾಂಸರೆನ್ನಿಸಿಕೊಂಡವರು ಓದಿ ಕೊಡುತ್ತೇನೆಂದು ಒಯ್ದ ಪುಸ್ತಕವು ಮರಳಿ ಬಂದಿರಲಿಲ್ಲ. ನಾನು ಬ್ಯಾಂಕಿನಲ್ಲಿರುವುದನ್ನು ತಿಳಿದು ಅವರು ಕನ್ನಡದಲ್ಲಿಯೇ ಕೇಳಿದರು: “ಸಾಹೇಬರ, ನಿಮ್ಮ ಬ್ಯಾಂಕಿನಾಗ ಬಂಗಾರ ಇಟ್ರ ರಸೀದಿ ಕೊಡ್ತೀರಿ. ನಮ್ಮ ಅಜ್ಜಾರ ಕಿತಾಬು ಒಯ್ದವರು ಏನು ರಸೀದಿ ಕೊಟ್ರು? ಇದು ನಮ್ಮ ಕಡೆ ಅವರು ಇಟ್ಟ ಅಮಾನತ್ತು.”

ನನ್ನಲ್ಲಿ ಉತ್ತರವಿರಲಿಲ್ಲ. ಅಮಾನತ್ತು ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಲೆಕ್ಕದ ಪುಸ್ತಕಗಳಲ್ಲಿ ಬರೆಯುತ್ತ ಬಂದಿದ್ದೇನೆ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ದಫ್ತರ ಎಂಬ ಮಾತುಗಳಂತೆ ಇದೂ ಪರ್ಷಿಯನ್ ಆಡಳಿತದಿಂದ ನಮ್ಮ ಕಚೇರಿಗಳಿಗೆ ಬಂದು ಕನ್ನಡವಾದ ಮಾತು. ಅದರ ಪೂರ್ಣಾರ್ಥವು ಅಂದು ಹೊಳೆಯಿತು. ಅಮಾನತ್ತು ಇಟ್ಟುಕೊಂಡವನು ಒಡೆಯನಲ್ಲ. ಮಾರುವಂತಿಲ್ಲ, ಕಳೆಯುವಂತಿಲ್ಲ, ಕೇಳಿದವರಿಗೆಲ್ಲ ಕೊಡುವಂತೆಯೂ ಇಲ್ಲ. ಆ ಹಿರಿಯರ ನಿರಾಕರಣೆಯನ್ನು ಅಜ್ಞಾನವೆಂದು ಕರೆಯುವುದು ಸುಲಭ. ಆದರೆ ೧೮೫೩ರ ಅನುಭವವನ್ನು ಕಂಡ ಊರಿನಲ್ಲಿ ಅದನ್ನು ಅಜ್ಞಾನವೆನ್ನಲಾಗದು. ಹಾಗೆಂದು ಅಂಟಿಹೋದ ಆ ಹಾಳೆಗಳು ನಮ್ಮ ನ್ಯಾಯಾನ್ಯಾಯದ ಚರ್ಚೆಗಾಗಿ ಕಾದು ಕುಳಿತಿರುವುದಿಲ್ಲ.

೫

ಪ್ರತಿ ಮಾಡುವುದರಿಂದ ಗ್ರಂಥವು ಎಷ್ಟು ದೂರ ಬಾಳಬಲ್ಲುದೆಂಬುದಕ್ಕೆ ವಿಜಾಪುರದ ಮೂಲಕವೇ ಹಾದುಹೋದ ಒಂದು ಸಿಲ್ಸಿಲೆಯು ನಿದರ್ಶನವಾಗಿದೆ. ಗ್ವಾಲಿಯರದ ಶತ್ತಾರಿ ಗುರು ಮಹಮ್ಮದ ಗೌಸರು (ಮರಣ ೧೫೬೩) ‘ಜವಾಹಿರೆ ಖಮ್ಸಾ’ ಎಂಬ ಪರ್ಷಿಯನ್ ಗ್ರಂಥವನ್ನು ಬರೆದರು. ಅವರ ಶಿಷ್ಯರು ಅಹಮದಾಬಾದಿನ ವಜೀಹುದ್ದೀನ ಅಲವಿ. ಅಲವಿಯವರ ಶಿಷ್ಯರು ಭಡೋಚದ ಶಹಾ ಸಿಬ್ಗತುಲ್ಲಾ. ಇವರು ೧೬ನೆಯ ಶತಮಾನದ ಕೊನೆಯಲ್ಲಿ ಎರಡನೆಯ ಇಬ್ರಾಹಿಮ ಆದಿಲಶಹನ ವಿಜಾಪುರದಲ್ಲಿದ್ದು ಅಲ್ಲಿಂದ ಅರಬಸ್ತಾನಕ್ಕೆ ತೆರಳಿದರು. ಸುಲ್ತಾನನು ಆದರದಿಂದ ಹಡಗನ್ನು ಒದಗಿಸಿ ಕಳಿಸಿದನೆಂದು ಒಂದು ಪರಂಪರೆಯು ಹೇಳಿದರೆ, ಇವರ ಕಟ್ಟುನಿಟ್ಟಾದ ಉಪದೇಶವನ್ನು ಸಹಿಸದೆ ಸಾಗಹಾಕಿದನೆಂದು ಇನ್ನೊಂದು ಹೇಳುತ್ತದೆ. ಹೇಗೇ ಇರಲಿ, ಅವರು ಮದೀನೆಯಲ್ಲಿ ನೆಲೆಸಿ, ಗೌಸರ ಗ್ರಂಥವನ್ನು ಅರಬ್ಬಿಗೆ ತಂದು ಕಲಿಸಿ, ೧೬೦೬ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಶಿಷ್ಯಪರಂಪರೆಯಲ್ಲಿ ಅಹಮದ ಕುಶಾಶಿ (ಮರಣ ೧೬೬೧), ಇಬ್ರಾಹಿಮ ಕುರಾನಿ (ಮರಣ ೧೬೯೦) ಪ್ರಖ್ಯಾತರಾದರು. ಸುಮಾತ್ರ ದ್ವೀಪದ ಆಚೆ ರಾಜ್ಯದಿಂದ ಬಂದ ಅಬ್ದುರ್ರವೂಫ ಸಿಂಕಿಲಿಯವರು ಅರಬಸ್ತಾನದಲ್ಲಿ ಹತ್ತೊಂಬತ್ತು ವರ್ಷಗಳ ಕಾಲ ಓದಿ, ಕುಶಾಶಿಯವರಿಂದ ದೀಕ್ಷೆ ಪಡೆದು, ೧೬೬೧ರಲ್ಲಿ ತಾಯ್ನಾಡಿಗೆ ಮರಳಿದರು. ಅವರ ಮೂಲಕ ಶತ್ತಾರಿ ಪಂಥವೂ ಅದರ ಗ್ರಂಥಗಳೂ ಸುಮಾತ್ರದ ಹಳ್ಳಿಗಳನ್ನು ಸೇರಿದವು.

ಇಂದು ಪಶ್ಚಿಮ ಸುಮಾತ್ರದ ಮಿನಂಗಕಬಾವು ಸೀಮೆಯಲ್ಲಿ ‘ಸುರಾವು’ ಎಂಬ ಪ್ರಾರ್ಥನಾಶಾಲೆಗಳಲ್ಲಿ ಶತ್ತಾರಿ ಗುರುಗಳು ತಮ್ಮ ಹಸ್ತಪ್ರತಿಗಳನ್ನು ಕಾಯ್ದುಕೊಂಡಿದ್ದಾರೆ. ಬಿಸಿಲುಮಳೆಯ ನಾಡಾದುದರಿಂದ ಅಲ್ಲಿಯೂ ಕಾಗದ ಬೇಗ ಕೆಡುತ್ತದೆ. ಬ್ರಿಟಿಷ್ ಲೈಬ್ರರಿಯು ಅಪಾಯದಲ್ಲಿರುವ ದಫ್ತರಗಳಿಗಾಗಿ ೨೦೦೪ರಲ್ಲಿ ಆರಂಭಿಸಿದ ಯೋಜನೆಯ ಸಹಾಯದಿಂದ ಅಲ್ಲಿನ ವಿದ್ವಾಂಸರು ಸುರಾವುಗಳಿಗೆ ಹೋಗಿ, ಗುರುಗಳ ಎದುರಿನಲ್ಲಿಯೇ ಪುಟಪುಟದ ಚಿತ್ರ ತೆಗೆದರು. ಈ ಯೋಜನೆಯ ಮುಖ್ಯ ಕಟ್ಟಳೆಯೆಂದರೆ, ಮೂಲಪ್ರತಿಯು ದೇಶವನ್ನು ಬಿಡತಕ್ಕದ್ದಲ್ಲ. ಚಿತ್ರಗಳ ಒಂದು ಪ್ರತಿಯು ಆ ನಾಡಿನ ಸಂಸ್ಥೆಯಲ್ಲಿಯೂ ಇರತಕ್ಕದ್ದು. ಅಸರ ಮಹಲಿನ ಗ್ರಂಥಗಳು ಈಗ ಯಾವ ಸಂಸ್ಥೆಯ ಕಪಾಟುಗಳಲ್ಲಿವೆಯೋ ಅದೇ ಸಂಸ್ಥೆಯು ಒಂದೂವರೆ ಶತಮಾನದ ಮೇಲೆ ಈ ಕಟ್ಟಳೆಗೆ ಬಂದು ಮುಟ್ಟಿತೆಂಬುದನ್ನು ನಾವು ಮರೆಯಬಾರದು.

ಮೂಲಪ್ರತಿಗಳನ್ನೆಲ್ಲ ಒಂದು ದೊಡ್ಡ ಕಟ್ಟಡಕ್ಕೆ ತಂದಿಟ್ಟರೆ ಭದ್ರವೆಂಬ ನಂಬಿಕೆಯೂ ಪೂರ್ತಿಯಾಗಿ ನಿಲ್ಲಲಾರದು. ೨೦೦೪ರ ಡಿಸೆಂಬರದ ಕಡಲಮೊರೆತದಲ್ಲಿ ಬಂದಾ ಆಚೆ ನಗರದ ದಾಖಲೆಗಳ ಕೇಂದ್ರವೊಂದು ತನ್ನ ಸಂಗ್ರಹದೊಡನೆ ಕೊಚ್ಚಿಹೋಯಿತು. ಅದೇ ಆಚೆ ಸೀಮೆಯ ತನೋಹ್ ಅಬೀ ಎಂಬಲ್ಲಿನ ಶತ್ತಾರಿ ಮಠದ ಭಂಡಾರ ಉಳಿಯಿತು. ಅದರ ಸೂಚಿ ೨೦೧೦ರಲ್ಲಿ ಅಚ್ಚಾಯಿತು. ಆಫ್ರಿಕದ ಮಾಲಿ ದೇಶದ ತಿಂಬುಕ್ತುವಿನಲ್ಲಿ ೨೦೧೨ರಲ್ಲಿ ಉಗ್ರವಾದಿಗಳು ಸೂಫಿ ಸಂತರ ಗೋರಿಗಳನ್ನು ಕೆಡವಿದರು. ೨೦೧೩ರ ಜನವರಿಯಲ್ಲಿ ಅಲ್ಲಿನ ಸರಕಾರಿ ಸಂಸ್ಥೆಯ ಹೊಸ ಕಟ್ಟಡದಲ್ಲಿ ಸಾವಿರಾರು ಹಸ್ತಪ್ರತಿಗಳನ್ನು ಸುಟ್ಟರು. ಅಷ್ಟರೊಳಗೆ ಬಹುಪಾಲು ಗ್ರಂಥಗಳನ್ನು ಊರಿನ ಮನೆತನಗಳವರೂ ಗ್ರಂಥಪಾಲಕರೂ ತಗಡಿನ ಪೆಟ್ಟಿಗೆಗಳಲ್ಲಿ ಗುಟ್ಟಾಗಿ ರಾಜಧಾನಿ ಬಮಾಕೋಗೆ ಸಾಗಿಸಿದ್ದರು. ೨೦೨೫ರ ಆಗಸ್ಟಿನಲ್ಲಿ ಸರಕಾರಿ ಸಂಗ್ರಹದ ಗ್ರಂಥಗಳು ಮರಳಿ ತಿಂಬುಕ್ತುವಿಗೆ ಹೊರಟವು. ಕಟ್ಟಡ ಮತ್ತು ಮನೆ ಇವೆರಡರಲ್ಲಿ ಯಾವುದೂ ಶಾಶ್ವತವಲ್ಲ. ಅನೇಕ ಕಡೆ ಇರುವ ಪ್ರತಿಗಳೇ ಭರವಸೆ.

೬

ಡಿಜಿಟಲೀಕರಣವೆಂದರೆ ಕೈಫೋನಿನಿಂದ ನಾಲ್ಕು ಚಿತ್ರ ತೆಗೆಯುವುದಲ್ಲ. ಪುಸ್ತಕವನ್ನು ಗಾಜಿನ ಯಂತ್ರದ ಮೇಲೆ ಬೋರಲು ಒತ್ತಿದರೆ ಬೆನ್ನು ಮುರಿಯುತ್ತದೆ. ಆದಕಾರಣ ಅದನ್ನು ತೊಟ್ಟಿಲಿನಂತಹ ಆಸರೆಯಲ್ಲಿ ಅರ್ಧ ತೆರೆದಿಟ್ಟು ಮೇಲಿನಿಂದ ಕ್ಯಾಮರಾದಲ್ಲಿ ಹಿಡಿಯಬೇಕು. ಬಣ್ಣದ ಪಟ್ಟಿಯೂ ಅಳತೆಗೋಲೂ ಚಿತ್ರದಲ್ಲಿರಬೇಕು. ಬರಿದಾದ ಪುಟ, ರಟ್ಟು, ಅಂಚಿನ ಟಿಪ್ಪಣಿ, ಮುದ್ರೆ, ಯಾವುದನ್ನೂ ಬಿಡುವಂತಿಲ್ಲ. ಪುಸ್ತಕವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದು ಅಲ್ಲಿಯೇ ಇರುತ್ತದೆ. ಅನಂತರ ಪ್ರತಿಯೊಂದು ಚಿತ್ರಕ್ಕೂ ಗಣಕವು ಒಂದು ಪರಿಶೀಲನಾಂಕವನ್ನು ಲೆಕ್ಕಹಾಕಿ ಕೊಡುತ್ತದೆ. ವರ್ಷಕ್ಕೊಮ್ಮೆ ಅದನ್ನು ಮತ್ತೆ ಲೆಕ್ಕಿಸಿ ತಾಳೆ ನೋಡಬೇಕು; ತಾಳೆಯಾಗದಿದ್ದರೆ ಆ ಚಿತ್ರ ಕೆಟ್ಟಿದೆಯೆಂದು ತಿಳಿದು ಬೇರೆ ಪ್ರತಿಯಿಂದ ಸರಿಪಡಿಸಬೇಕು. ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ. ಚಿತ್ರಗಳ ಮೂರು ಪ್ರತಿಗಳಾದರೂ ಬೇರೆ ಬೇರೆ ಊರುಗಳಲ್ಲಿರಬೇಕು. ಇದೆಲ್ಲಕ್ಕೂ ಮಿಗಿಲಾದುದು ಸೂಚಿ. ಹೆಸರಿಲ್ಲದ ಹತ್ತು ಸಾವಿರ ಚಿತ್ರಗಳಿಗಿಂತ ಸರಿಯಾಗಿ ಓದಿ ಬರೆದ ನೂರು ಗ್ರಂಥಗಳ ಸೂಚಿಯೇ ಲೇಸು.

ಯಂತ್ರಕ್ಕಿಂತಲೂ ಕಠಿಣವಾದುದು ಕರಾರು. ಆ ಹಿರಿಯರ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಹುಡುಕಬೇಕು. ಪುಸ್ತಕವು ಹೊಸ್ತಿಲನ್ನು ದಾಟಬಾರದು. ಕ್ಯಾಮರಾ ಮನೆಗೆ ಬರಬೇಕು. ಪ್ರತಿಯೊಂದು ಗ್ರಂಥಕ್ಕೂ ಪುಟಗಳ ಎಣಿಕೆಯೊಡನೆ ಲಿಖಿತ ರಸೀದಿ ಕೊಡಬೇಕು. ಚಿತ್ರಗಳ ಮೊದಲ ಪ್ರತಿ ಮನೆಯವರಿಗೆ ಸಲ್ಲಬೇಕು. ಸೂಚಿಯಲ್ಲಿ, ಅವರು ಬಯಸಿದರೆ, ಮನೆತನದ ಹೆಸರಿರಬೇಕು. ಕೆಲವು ಗ್ರಂಥಗಳಲ್ಲಿ ಗುರುವಿನ ಅನುಮತಿಯಿಲ್ಲದೆ ಮಾಡಬಾರದ ಜಪವಿಧಿಗಳಿರುತ್ತವೆ; ಅವುಗಳ ಚಿತ್ರ ತೆಗೆದಿರಿಸಿ, ಹೆಸರನ್ನು ಮಾತ್ರ ಪ್ರಕಟಿಸಬಹುದು. ವಂಶಾವಳಿ ಮತ್ತು ಸನದುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಾದಿಯ ಹಕ್ಕು, ವಕ್ಫಿನ ಜಮೀನು ಇವುಗಳ ವ್ಯಾಜ್ಯದಲ್ಲಿ ಅವು ಸಾಕ್ಷ್ಯವಾಗಬಲ್ಲವು. ದಾಯಾದಿಗಳ ಕೈಗೆ ಚಿತ್ರ ಸಿಕ್ಕೀತೆಂಬ ಭಯವು ಮನೆಯವರಿಗಿದ್ದರೆ ಅದು ನಿರಾಧಾರವಲ್ಲ. ಅಂತಹ ಕಾಗದಗಳನ್ನು ಗ್ರಂಥಗಳಿಂದ ಬೇರ್ಪಡಿಸಿ, ನಿಶ್ಚಿತ ಅವಧಿಯವರೆಗೆ ಮುಚ್ಚಿಡುವುದು ನ್ಯಾಯವಾದುದು.

ವಿದ್ಯೆ ಎಲ್ಲರ ಸೊತ್ತು, ಅದನ್ನು ಮುಚ್ಚಿಡುವುದೇ ಅಪರಾಧ ಎಂದು ಕೆಲವರು ಆಕ್ಷೇಪಿಸಬಹುದು. ತತ್ತ್ವತಃ ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲವನ್ನೂ ತೆರೆದಿಡಬೇಕೆಂದು ಹಟ ಹಿಡಿದು ಏನನ್ನೂ ಪಡೆಯದಿರುವುದಕ್ಕಿಂತ, ಕೆಲವನ್ನು ಮುಚ್ಚಿಡಲು ಒಪ್ಪಿ ಎಲ್ಲವನ್ನೂ ಉಳಿಸಿಕೊಳ್ಳುವುದು ವಿವೇಕ. ಸೂಫಿಗಳ ಸಂಪ್ರದಾಯದಲ್ಲಿ ಪ್ರತಿ ಮಾಡುವುದು ಎಂದೂ ನಿಷಿದ್ಧವಾಗಿರಲಿಲ್ಲ. ಅನುಮತಿಯಿಲ್ಲದೆ ಮಾಡುವುದು ಮಾತ್ರ ಅನುಚಿತವಾಗಿತ್ತು. ಹೀಗೆ ನೋಡಿದರೆ ಕ್ಯಾಮರಾದ ಕೆಲಸವು ನಿಂತುಹೋದ ಲಿಪಿಕಾರನ ಕೆಲಸದ ಮುಂದುವರಿಕೆಯೇ ಸರಿ. ಆ ಮನೆತನಗಳಿಗೆ ಇದನ್ನು ಅವರ ಮಾತಿನಲ್ಲಿಯೇ ತಿಳಿಸಿ ಹೇಳಬೇಕು.

೭

ವಿಜಾಪುರದ ಮಟ್ಟಿಗೆ ಇಂತಹ ಕಾರ್ಯ ಅಪೂರ್ವವೇನಲ್ಲ. ಅದೇ ಊರಿನಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಕಳೆದ ಶತಮಾನದ ಆರಂಭದಿಂದ ಮನೆಮನೆ, ಮಠಮಠಗಳನ್ನು ತಿರುಗಿ ವಚನಗಳ ತಾಡವೋಲೆಗಳನ್ನು ಸಂಗ್ರಹಿಸಿದರು. ಆ ಓಲೆಗಳೂ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವೇ ಹೊರತು ಓದಿಗೆ ಸಿಕ್ಕುತ್ತಿರಲಿಲ್ಲ. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. ಸ್ವಂತ ಮುದ್ರಣಾಲಯಕ್ಕಾಗಿ ಅವರು ಮನೆಯನ್ನೇ ಮಾರಿದರು. ಒಂದೇ ಊರಿನ ಎರಡು ಓಣಿಗಳಲ್ಲಿ ಎರಡು ಬಗೆಯ ಗಂಟುಗಳಿದ್ದವು. ಒಂದಕ್ಕೆ ಹಳಕಟ್ಟಿಯವರು ದೊರೆತರು. ಇನ್ನೊಂದು ಇನ್ನೂ ಕಾಯುತ್ತಿದೆ. ಅವರ ಹೆಸರಿನ ಸಂಶೋಧನ ಕೇಂದ್ರವೇ ಎಂ. ಎಂ. ಕಲಬುರ್ಗಿಯವರ ಪ್ರೇರಣೆಯಿಂದ ಆದಿಲಶಾಹಿ ಕಾಲದ ಪರ್ಷಿಯನ್, ಅರಬ್ಬಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಕೈಕೊಂಡುದು ಸಂತೋಷದ ಸಂಗತಿ. ಅನುವಾದಕ್ಕೆ ಮೊದಲು ಮೂಲವು ಉಳಿದಿರಬೇಕು.

೨೦೦೩ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. ೨೦೨೫ರ ಮುಂಗಡಪತ್ರದಲ್ಲಿ ‘ಜ್ಞಾನ ಭಾರತಂ’ ಎಂಬ ಹೆಸರಿನಿಂದ, ಖಾಸಗಿ ಸಂಗ್ರಹಗಳೂ ಸೇರಿದಂತೆ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಯ ಉದ್ದೇಶವನ್ನು ಸಾರಲಾಯಿತು. ಹಣವೂ ಯಂತ್ರವೂ ಈ ಮಾರ್ಗದಿಂದ ಬಂದಾವು. ಆದರೆ ಶಹಾಪುರ ದಿಣ್ಣೆಯ ಹತ್ತಿರದ ಮನೆಯೊಂದರ ಬಾಗಿಲನ್ನು ತೆರೆಯಿಸುವ ವಿಶ್ವಾಸವು ಮುಂಗಡಪತ್ರದಿಂದ ಬರುವುದಿಲ್ಲ.

ಇಲ್ಲಿ ಹೊರನಾಡ ಕನ್ನಡಿಗರ ಪಾತ್ರವೇನೆಂದು ವಾಚಕರು ಕೇಳಬಹುದು. ವಿಜಾಪುರ ಗುಲಬರ್ಗೆಗಳ ಗ್ರಂಥಗಳು ಬಹಳ ಹಿಂದೆಯೇ ಹೊರನಾಡಿಗೆ ಬಂದಿವೆ. ಮೊಹಿಯುದ್ದೀನ ಕಾದ್ರಿ ಜೋರ್ ಅವರು ೧೯೩೧ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಇದಾರಾ-ಎ-ಅದಬಿಯಾತೆ-ಉರ್ದು ಸಂಸ್ಥೆಯಲ್ಲಿಯೂ ಸಾಲಾರಜಂಗ ಸಂಗ್ರಹಾಲಯದಲ್ಲಿಯೂ ಕನ್ನಡ ನಾಡಿನ ಸೂಫಿಗಳ ದಖನಿ ಕೃತಿಗಳಿವೆ. ಅವುಗಳ ಸೂಚಿಗಳು ಉರ್ದುವಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಇವೆ. ಕನ್ನಡದ ವಿದ್ಯಾರ್ಥಿಗೆ ಅವು ದೂರ. ಹೊರನಾಡಿನಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗೆ ಕನ್ನಡದ ಜತೆಗೆ ಉರ್ದುವೂ ಬರುತ್ತದೆ. ವಿಜಾಪುರ, ಗುಲಬರ್ಗಾ, ಬೀದರ, ರಾಯಚೂರುಗಳಿಗೆ ಸಂಬಂಧಿಸಿದ ಸೂಫಿ ಹಸ್ತಪ್ರತಿಗಳ ಒಂದು ಕನ್ನಡ ಸೂಚಿಯನ್ನು, ಅಚ್ಚಾದ ಸೂಚಿಗಳ ಆಧಾರದಿಂದಲೇ ಮೊದಲು, ಸಂಘವು ಸಿದ್ಧಪಡಿಸಬಹುದು. ಇದಕ್ಕೆ ದೊಡ್ಡ ಹಣವೇನೂ ಬೇಡ, ಭಾನುವಾರಗಳು ಬೇಕು. ಅಂತಹ ಸೂಚಿಯನ್ನು ಕೈಯಲ್ಲಿ ಹಿಡಿದು ಆ ಮನೆಗಳಿಗೆ ಹೋದರೆ, ತಮ್ಮ ಅಜ್ಜನವರ ಹೆಸರನ್ನು ಕನ್ನಡ ಅಕ್ಷರದಲ್ಲಿ ಅಚ್ಚಾದುದನ್ನು ಕಂಡವರು ನಮ್ಮನ್ನು ಒಯ್ಯುವವರೆಂದು ಭಾವಿಸಲಾರರು.

ಆ ಹಿರಿಯರನ್ನು ನಾನು ಮತ್ತೊಮ್ಮೆ ಕಂಡಿಲ್ಲ. ಹಸಿರು ಬಟ್ಟೆಯ ಆ ಗಂಟು ಇಂದು ಯಾವ ಸ್ಥಿತಿಯಲ್ಲಿದೆಯೋ ತಿಳಿಯದು. ಅವರು ಕೇಳಿದ ರಸೀದಿಯನ್ನು ಬರೆದುಕೊಂಡು ಹೋಗುವ ಹೊಣೆ ನಮ್ಮ ಮೇಲಿದೆಯೆಂದು ಮಾತ್ರ ಬಲ್ಲೆ.